ಶೇಂಗ್ಯಾನಿಗೊಂದು ಹೊತ್ತಿದ ರೊಟ್ಟಿ

ನಮ್ಮ ಅಡುಗೆಮನೆಯಲ್ಲಿ, ಹಿತ್ತಲ ಬಾಗಿಲ ಪಕ್ಕದ ಗೂಡಿನಲ್ಲಿ, ಮುಚ್ಚಳ ಸರಿಯಾಗಿ ಕೂರದ ಒಂದು ಹಳೆಯ ಸ್ಟೀಲ್ ಡಬ್ಬಿ ಇದೆ. ಚಹಾದ ಜತೆ ಏನಾದರೂ ಸಿಕ್ಕೀತೆಂದು ಯಾರಾದರೂ ಅದನ್ನು ತೆರೆದರೆ ಕಾಣುವುದು ಕಪ್ಪಗೆ ಹೊತ್ತಿದ ಜೋಳದ ರೊಟ್ಟಿಯ ಚೂರುಗಳು. ಮೊನ್ನೆ ಮುದ್ದೇಬಿಹಾಳದಿಂದ ಬಂದಿದ್ದ ನನ್ನ ಅಕ್ಕನೂ ತೆರೆದಳು. ಇಣುಕಿ ನೋಡಿ, ಮೂಸಿ ನೋಡಿ, ನನ್ನ ಮುಖ ನೋಡಿದಳು.

"ಏ ನೀಲಾ, ಲಗ್ನ ಆಗಿ ಇಪ್ಪತ್ತೆರಡು ವರ್ಷ ಆತು. ಇನ್ನೂ ನಿನ್ನ ರೊಟ್ಟಿ ಹೊತ್ತೂದು ನಿಂತಿಲ್ಲೇನ?"

ನನಗೆ ನಗು ತಡೆಯಲಾಗಲಿಲ್ಲ. ಪಡಸಾಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆ ನನಗಿಂತ ಜೋರಾಗಿ ನಕ್ಕರು. ಪಾಪ, ಅಕ್ಕನಿಗೆ ಏನೂ ತಿಳಿಯದೆ ಅವಳೂ ಸ್ವಲ್ಪ ನಕ್ಕಳು. ಹಾಗೆ ಅರ್ಧಂಬರ್ಧ ನಗುವವರನ್ನು ಕಂಡರೆ ನನಗೆ ಕನಿಕರ. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಆದರೆ ಡಬ್ಬಿಯ ಕಥೆ ಹೇಳಬೇಕಾದರೆ ಮೊದಲು ಒಂದು ಹೊಲಸು ಮಾತು ಹೇಳಬೇಕು. ಊಟದ ತಾಟಿನ ಮುಂದೆ ಕುಳಿತು ಓದುತ್ತಿದ್ದರೆ ಊಟ ಮುಗಿಸಿ ಬನ್ನಿ, ನಾನು ಕಾಯುತ್ತೇನೆ.

ಬಂದಿರಾ? ಸರಿ. ನಮ್ಮ ನಾಯಿಮರಿ ತನ್ನ ಹೇಲನ್ನು ತಾನೇ ತಿನ್ನುತ್ತಿತ್ತು.

ಒಮ್ಮೆ ಹೇಳಿಬಿಟ್ಟೆ, ಇನ್ನು ಮುಂದೆ 'ಅದು' ಎನ್ನುತ್ತೇನೆ. ನಿಮಗೆ ಅರ್ಥವಾದರೆ ಸಾಕು.

ಮರಿಯನ್ನು ತಂದವರು ನಮ್ಮ ಯಜಮಾನರು. ಇಂಡಿಯಲ್ಲಿ ನಮ್ಮ ಮನೆ, ಸಾಲೋಟಗಿಯ ದಾರಿಯಲ್ಲಿ ನಮ್ಮ ಲಿಂಬೆ ತೋಟ. ಒಂದು ದಿನ ತೋಟದಿಂದ ಬಂದವರು ಲಿಂಬೆಹಣ್ಣಿನ ಬುಟ್ಟಿಯನ್ನು ಎಂದಿಗಿಂತ ಮೆಲ್ಲಗೆ ಇಳಿಸಿದರು. ನನಗೆ ಅಲ್ಲೇ ಸಂಶಯ ಬಂತು. ಹಣ್ಣುಗಳ ನಡುವಿನಿಂದ ಹುರಿದ ಶೇಂಗಾದ ಬಣ್ಣದ ಒಂದು ಮೂತಿ ಮೇಲೆದ್ದು, ನನ್ನನ್ನು ನೋಡಿ ಸೀನಿತು. ಅಷ್ಟೇ, ಹೆಸರು ಬಿತ್ತು: ಶೇಂಗ್ಯಾ.

ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. ದಿನಕ್ಕೆರಡು ಬಾರಿ ಲಿಂಗಪೂಜೆ ಮಾಡುವವರು, ಮಡಿಯವರು. "ಹೊಸ್ತಿಲಾ ದಾಟಿ ಒಳಗ ಬಂದ್ರ ನಾ ಹೊರಗ ಹೋಗ್ತೇನಿ ನೋಡ್" ಎಂದರು. ಹಾಗೆನ್ನುವಾಗ ಶೇಂಗ್ಯಾ ಹೊಸ್ತಿಲಿನ ಒಳಗಡೆಯೇ ಕುಳಿತು ಅವರ ಸೀರೆಯ ಅಂಚು ಕಡಿಯುತ್ತಿದ್ದ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಿ, ಒಳ್ಳೆಯ ಎಂಟು ದಳದ ಕಮಲ ಬಿಡಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು ತಿರುಗುವಷ್ಟರಲ್ಲಿ ಶೇಂಗ್ಯಾ ಆ ಕಮಲದ ನಟ್ಟನಡುವೆ ತನ್ನ ಕಾಣಿಕೆಯನ್ನು ಇಟ್ಟಿದ್ದ. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಶಾಂತಕ್ಕ ಗೋಡೆಯ ಮೇಲಿಂದ ತಲೆ ತೂರಿಸಿದಳು. ಕಸಬರಿಗೆ ತೆಗೆದುಕೊಂಡು ನೆಲಕ್ಕೆ ರಪರಪ ಬಡಿದೆ. ಅವನ ಮೈಗೆ ಒಂದು ಕಡ್ಡಿಯನ್ನೂ ತಾಗಿಸಲಿಲ್ಲ ಬಿಡಿ. ಆದರೆ ಅವನು ತುಳಸಿಕಟ್ಟೆಯ ಹಿಂದೆ ಹೋಗಿ ಇಷ್ಟೇ ಇಷ್ಟಾಗಿ ಕುಳಿತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಒಂದು ವಾರ ಮನೆಯಲ್ಲಿ, ಅಂಗಳದಲ್ಲಿ, ಹಿತ್ತಲಲ್ಲಿ, ಎಲ್ಲಿ ಹುಡುಕಿದರೂ 'ಅದು' ಇಲ್ಲ!

ನನಗೊಂದು ರೂಢಿ ಇದೆ. ಸಂಜೆ ದೀಪ ಹಚ್ಚುವಾಗ ಅವತ್ತು ಶಿವ ಕರುಣಿಸಿದ ಸಣ್ಣಪುಟ್ಟ ಉಪಕಾರಗಳನ್ನೆಲ್ಲ ಒಂದೊಂದಾಗಿ ನೆನೆದು ಕೈಮುಗಿಯುತ್ತೇನೆ. ನಳಕ್ಕೆ ನೀರು ಬಂತು, ಹಾಲು ಉಕ್ಕಲಿಲ್ಲ, ಅತ್ತೆಯ ಮೊಣಕಾಲು ನೋಯಲಿಲ್ಲ, ಹೀಗೆ. ಆ ವಾರವೆಲ್ಲ, 'ಎಂಥ ಸ್ವಚ್ಛ ನಾಯಿ ಕೊಟ್ಟೆಯಪ್ಪಾ ತಂದೆ' ಎಂಬುದನ್ನೂ ಸೇರಿಸಿದೆ. ಅಷ್ಟಕ್ಕೇ ಸುಮ್ಮನಿರದೆ ಶಾಂತಕ್ಕನ ಮುಂದೆ ಜಂಬ ಕೊಚ್ಚಿಕೊಂಡೆ. "ಎಲ್ಲಿ ಹೋಗಿ ಬರ್ತೈತೋ ಏನೋ ಅಕ್ಕಾ, ನಮ್ಮ ಹಿತ್ತಲದಾಗ ಒಂದ ಕಲೆ ಇಲ್ಲ ನೋಡ್!"

ಶಾಂತಕ್ಕ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸುವವಳು. ಅಲ್ಲಿಂದ ನಮ್ಮ ಹಿತ್ತಲು ಅಂಗೈಯಲ್ಲಿದ್ದಂತೆ ಕಾಣುತ್ತದೆ. ಅವಳು ನನ್ನನ್ನು ಬಹಳ ಮರುಕದಿಂದ ನೋಡಿದಳು.

"ನೀಲವ್ವ, ನಿನ್ನ ನಾಯಿ ಎಲ್ಲೂ ಹೋಗಂಗಿಲ್ಲವ್ವಾ. ಅಲ್ಲೇ ಮಾಡ್ತೈತಿ. ಅಲ್ಲೇ..." ಎಂದು ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು ತೋರಿಸಿದಳು.

ಅವತ್ತಿನ ಸಂಜೆ ದೀಪದ ಮುಂದೆ ನಿಂತು, ಒಂದು ವಾರದಿಂದ ತಪ್ಪಾಗಿ ಮುಗಿದಿದ್ದ ಕೈಯನ್ನು ವಾಪಸು ತೆಗೆದುಕೊಂಡೆ.

ಅತ್ತೆಗೆ ತಿಳಿಯದಂತೆ ನೋಡಿಕೊಳ್ಳಬೇಕೆಂದಿದ್ದೆ. ಆದರೆ ಶಾಂತಕ್ಕನಿಗೆ ತಿಳಿದದ್ದು ಓಣಿಗೇ ತಿಳಿದಂತೆ. ವಿಷಯ ಮುಟ್ಟಿದ ಮರುದಿನವೇ ಅತ್ತೆ ಜಳಕ ಮುಗಿಸಿ, ವಿಭೂತಿ ಧರಿಸಿ, ಪೂಜೆಗೆ ಹೊರಟರೆ, ಶೇಂಗ್ಯಾ ಎಲ್ಲಿದ್ದನೋ ಓಡಿಬಂದು ಭಕ್ತಿಯಿಂದ ಅವರ ಹಿಮ್ಮಡಿಯನ್ನು ನೆಕ್ಕಿದ. ಅತ್ತೆ "ಶಿವ ಶಿವಾ!" ಎಂದು ಮತ್ತೆ ಬಚ್ಚಲಿಗೆ ಹೋದರು. ಎರಡನೇ ಜಳಕ ಮುಗಿಸಿ ಬಂದರೆ ಅವನು ಬಚ್ಚಲ ಬಾಗಿಲಲ್ಲೇ ಕಾದಿದ್ದ. ಮೂರನೇ ಜಳಕ. ಹಂಡೆಯ ಬಿಸಿನೀರು ಮುಗಿದಿತ್ತು, ತಣ್ಣೀರಲ್ಲೇ ಮಾಡಿದರು. ಒಳಗಿಂದ ಬಂದ ಶಿವನಾಮಸ್ಮರಣೆ ಆ ದಿನ ಬಹಳ ನಡುಗುತ್ತಿತ್ತು.

ಪೂಜೆ ಮುಗಿದ ಮೇಲೆ ತೀರ್ಪು ಹೊರಬಿತ್ತು. ನಮ್ಮಲ್ಲಿ ಶ್ರಾವಣದ ಕಡೇ ಸೋಮವಾರ ಮಠದ ಅಯ್ಯನವರು ಪಾದಪೂಜೆಗೆ ಬರುತ್ತಾರೆ. ಅವತ್ತು ಆಲಮಟ್ಟಿಯ ನೀರಾವರಿ ಕಚೇರಿಯಲ್ಲಿರುವ ನನ್ನ ಮೈದುನನೂ ಬರುತ್ತಾನೆ.

"ಅಯ್ಯನೋರು ಬರೂದ್ರೊಳಗ ಇದು ಚಟಾ ಬಿಡಬೇಕು. ಇಲ್ಲಂದ್ರ ಸಣ್ಣಾಂವನ ಕಾರಿನ್ಯಾಗ ಹಾಕಿ ಆಲಮಟ್ಟಿಗೆ ಕಳಸ್ತೇನಿ. ಅಲ್ಲಿ ಮೀನಾರ ತಿನ್ಕೊಂಡು ಇರ್ಲಿ."

"ಯವ್ವಾ, ಇಲ್ಲಿ ತಿನ್ನಾಕತ್ತಿದ್ದಕ್ಕಿಂತ ಮೀನಾ ಪಾಡ ಬಿಡು" ಎಂದರು ನಮ್ಮ ಯಜಮಾನರು.

"ನಗತೀಯೇನ? ನಗು. ನೀನೂ ಅದರ ಜೋಡಿ ಹೋಗು."

ಯಜಮಾನರು ಅಷ್ಟಕ್ಕೆ ಬಿಡುವವರಲ್ಲ. ನಮ್ಮ ಮನೆಯಲ್ಲಿ ಊಟವೆಂದರೆ ಪ್ರಸಾದ. ತಾಟಿನಲ್ಲಿ ಒಂದು ಅಗುಳು ಬಿಡಬಾರದು. ಕಡೆಗೆ ನೀರು ಹಾಕಿ ತಾಟು ತೊಳೆದು, ಆ ನೀರನ್ನೂ ಕುಡಿಯಬೇಕು. ನಾನು ಮದುವೆಯಾಗಿ ಬಂದ ದಿನವೇ ಅತ್ತೆ ಕಲಿಸಿದ ಮೊದಲ ಪಾಠ ಅದು. ಆ ತಾಟು ತೊಳೆದು ಕುಡಿಯುತ್ತಲೇ ಇವರು ಗಂಭೀರವಾಗಿ ಹೇಳಿದರು: "ಯವ್ವಾ, ತಪ್ಪು ಅದರದ್ದಲ್ಲ. ನಮ್ಮನಿ ಪದ್ಧತಿ ಕಲ್ತೈತಿ. ಏನೂ ಬಿಡಂಗಿಲ್ಲ, ನೋಡು." ಅತ್ತೆ ಎದ್ದು ಲಟ್ಟಣಿಗೆ ಹುಡುಕಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದೆ.

ನಗು ಬಂತು ನಿಜ, ಆದರೆ ಅವನನ್ನು ಕಳಿಸುವ ಮಾತು ನನಗೆ ಹಿಡಿಸಲಿಲ್ಲ. ಅಷ್ಟರಲ್ಲೇ ಶೇಂಗ್ಯಾ ನನ್ನ ಮಗುವಾಗಿದ್ದ. ರೊಟ್ಟಿ ಬಡಿಯುವಾಗ ನನ್ನ ಕಾಲಿನ ಮೇಲೆ ಗದ್ದ ಇಟ್ಟು ಮಲಗುತ್ತಿದ್ದ. ಬಡಿತದ ಲಯಕ್ಕೆ ಅವನ ಕಿವಿಗಳು ಕುಣಿಯುತ್ತಿದ್ದವು. ಶ್ರಾವಣ ಮುಗಿಯಲು ಇನ್ನು ಮೂರು ಸೋಮವಾರ ಉಳಿದಿದ್ದವು.

ಉಪಾಯಗಳಿಗೇನು ಕೊರತೆ? ಶಾಂತಕ್ಕ ಹೇಳಿದಳು, "ಅದರ ಮ್ಯಾಲ ಹುಳೀದು ಏನರ ಹಾಕು, ಬಾಯಿ ಹುಳಿಯಾದ್ರ ಬಿಡ್ತೈತಿ." ಇಂಡಿಯ ಮನೆಯಲ್ಲಿ ಹುಳಿಗೆ ಬರವೇ? ಒಂದು ಇಡೀ ಲಿಂಬೆಹಣ್ಣು ಹಿಂಡಿದೆ. ಶೇಂಗ್ಯಾ ಒಮ್ಮೆ ಸೀನಿ, ಮುಗಿಸಿ, ಇನ್ನೊಮ್ಮೆ ಸೀನಿದ. ಲಿಂಬೆ ಬುಟ್ಟಿಯಲ್ಲಿ ಮಲಗಿ ಊರಿಗೆ ಬಂದ ಮರಿ, ಅದಕ್ಕೆ ಲಿಂಬೆ ತವರಿನ ವಾಸನೆ. ಉಪ್ಪು ಹಾಕಿದೆ. ತಿಂದು ಹೋಗಿ ನೀರು ಕುಡಿದು ಬಂದ. ಖಾರದಿಂದ ಬಿಟ್ಟಾನೆಂದು ಕೈಗೆ ಸಿಕ್ಕ ಡಬ್ಬಿಯಿಂದ ಖಾರದ ಪುಡಿ ಉದುರಿಸಿದೆ. ಅವನು ತಿಂದದ್ದಲ್ಲದೆ, ನೆಲವನ್ನೂ ನೆಕ್ಕಿ, ಬಾಲ ಅಲ್ಲಾಡಿಸಿ, ಇನ್ನೂ ಇದೆಯೇ ಎಂಬಂತೆ ನನ್ನ ಕೈ ನೋಡಿದ. ಆಮೇಲೆ ಡಬ್ಬಿ ನೋಡಿದರೆ, ನಾನು ಅವಸರದಲ್ಲಿ ಉದುರಿಸಿದ್ದು ಶೇಂಗಾ ಹಿಂಡಿ! ಬೆಳ್ಳುಳ್ಳಿ, ಜೀರಿಗೆ ಹಾಕಿ ಕುಟ್ಟಿದ ಚಟ್ನಿಪುಡಿ; ಅತಿಥಿಗಳಿಗೆಂದು ಎತ್ತಿಟ್ಟಿದ್ದು.

ಹಿಂದಿನಿಂದ ಇವರ ದನಿ ಬಂತು. "ಉಪ್ಪು ಹಾಕೀದಿ, ಹುಳಿ ಹಿಂಡೀದಿ, ಹಿಂಡಿ ಹಾಕೀದಿ. ಒಂಚೂರು ಸಾಸಿವಿ ಒಗ್ಗರಣಿ ಕೊಟ್ಟುಬಿಡು ನೀಲಾ, ನಾನೂ ಬರ್ತೇನಿ."

ನಾನು ಅಲ್ಲೇ ಹಿತ್ತಲ ಕಲ್ಲಿನ ಮೇಲೆ ಕುಳಿತು ನಕ್ಕೆ. ನಕ್ಕು ನಕ್ಕು ಕಣ್ಣೀರು ಬಂತು. ಆಮೇಲೆ ಕಣ್ಣೀರು ಮಾತ್ರ ಉಳಿಯಿತು. ಅವರು ನಗುವುದು ನಿಲ್ಲಿಸಿ, "ನಾಳೆ ದವಾಖಾನಿಗೆ ಒಯ್ಯೂಣು" ಎಂದರು.

ದನಗಳ ದವಾಖಾನೆಯಲ್ಲಿ ಎಮ್ಮೆಗಳ ಸಾಲಿನ ನಡುವೆ ಶೇಂಗ್ಯಾನನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ವಿಷಯ ಹೇಳಲು ಸುತ್ತಿ ಬಳಸಿ ಒದ್ದಾಡುತ್ತಿದ್ದರೆ, "ತನ್ನದ ತಾನ ತಿಂತೈತಿ, ಹೌದಿಲ್ರಿ ಅವ್ವಾರ?" ಎಂದು ನಕ್ಕುಬಿಟ್ಟರು. "ಭಾಳ ಮರಿ ಹಿಂಗ ಮಾಡ್ತಾವ್ರಿ. ಅಂಜಬ್ಯಾಡ್ರಿ."

ಜಂತುಹುಳಕ್ಕೆ ಔಷಧಿ ಕೊಟ್ಟರು. ಒಂದೇ ಸಲ ಹೊಟ್ಟೆ ತುಂಬ ಹಾಕುವ ಬದಲು ದಿನಕ್ಕೆ ಮೂರು ಸಲ ಹಾಕಿರಿ ಎಂದರು. ಅದು ಮಾಡಿದ ಕೂಡಲೇ 'ಅದನ್ನು' ಎತ್ತಿ ಬಿಸಾಡಿರಿ, ಮರಿಯನ್ನು ಹೆಸರು ಹಿಡಿದು ಕರೆದು, ಅದಕ್ಕೆ ಪ್ರೀತಿಯ ತಿನಿಸೊಂದನ್ನು ಬಾಯಿಗಿಡಿರಿ ಎಂದರು. ಕಡೆಗೆ ಕೇಳಿದರು:

"ಮೊದಲ್ನೇ ಸಲ ಹೊಲಸು ಮಾಡಿದಾಗ ಬೈದಿದ್ರೇನ್ರಿ?"

"ಒಂಚೂರು ಬೈದಿದ್ದೆ ಡಾಕ್ಟರ್ರ. ರಂಗೋಲಿ ಮ್ಯಾಲ ಮಾಡಿತ್ತು."

"ಒಂಚೂರ?" ಎಂದು ಇವರು ನನ್ನನ್ನು ನೋಡಿದರು. "ಕಸಬರಿಗಿ ಮುರಿದೈತ್ರಿ."

"ಅದಕ್ಕ ಅಂಜೈತ್ರಿ. ನಿಮ್ಮ ಕಣ್ಣಿಗೆ ಬಿದ್ರ ಬೈತೀರಿ ಅಂತ, ನೀವು ನೋಡೂದ್ರೊಳಗ ಮುಗಿಸಿ ಸ್ವಚ್ಛ ಮಾಡಿಬಿಡ್ತೈತಿ."

ಬೈಕಿನ ಹಿಂದೆ ಕುಳಿತು ಮನೆಗೆ ಹೊರಟೆ. ಶೇಂಗ್ಯಾ ನನ್ನ ಸೆರಗಿನೊಳಗಿಂದ ಮೂತಿ ಹೊರಹಾಕಿ ಗಾಳಿ ಕುಡಿಯುತ್ತಿದ್ದ. ನನಗೆ ನೆನಪಾಗುತ್ತಿದ್ದುದು ಬೇರೆಯೇ.

ತವರಲ್ಲಿ ನಾನು ಕಡೆಯ ಮಗಳು. ಒಲೆಯ ಮುಂದೆ ಅಕ್ಕಂದಿರೇ ಕೂರುತ್ತಿದ್ದರು, ನನ್ನ ಪಾಲಿಗೆ ಬರುತ್ತಿದ್ದುದು ತಿನ್ನುವ ಕೆಲಸ. ಹಾಗೆ ಬೆಳೆದವಳು ಈ ಮನೆಗೆ ಬಂದೆ. ಇಲ್ಲಿ ಅತ್ತೆಯ ರೊಟ್ಟಿ ಹುಣ್ಣಿಮೆ ಚಂದ್ರನ ಹಾಗೆ, ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು. ನನ್ನದು ಒಂದು ಕಡೆ ದಪ್ಪ, ಒಂದು ಕಡೆ ಹರಿದು, ನಡುವೆ ಹೊತ್ತಿ ಕಪ್ಪು. ಅತ್ತೆ ಒಂದು ದಿನವೂ ಬೈದವರಲ್ಲ, ಬರೀ ರೊಟ್ಟಿಯನ್ನು ಎತ್ತಿ ನೋಡುತ್ತಿದ್ದರು. ಆ ನೋಟಕ್ಕೇ ನನ್ನ ಜೀವ ಹೋಗುತ್ತಿತ್ತು. ಅದಕ್ಕೆ ನಾನೊಂದು ದಾರಿ ಕಂಡುಕೊಂಡಿದ್ದೆ. ಹೊತ್ತಿದ ರೊಟ್ಟಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಹಿತ್ತಲಿಗೆ ಹೋಗಿ, ಒಲೆಗೆಂದು ತಟ್ಟಿ ಒಣಗಿಸಿದ ಸಗಣಿ ಕುಳ್ಳಿನ ರಾಶಿಯ ಹಿಂದೆ ಕುಳಿತು ಗಬಗಬ ತಿಂದುಬಿಡುವುದು. ಬಿಸಾಡುವಂತಿಲ್ಲ, ಅನ್ನ ಪ್ರಸಾದ. ಇಡುವಂತಿಲ್ಲ, ಕಂಡುಬಿಡುತ್ತದೆ. ತಿಂದರೆ ಮುಗಿಯಿತು. ಒಂದು ಬೇಸಿಗೆಯೆಲ್ಲ ನಾನು ತಿಂದದ್ದು ಅದನ್ನೇ. ಊಟಕ್ಕೆ ಕರೆದರೆ ಹೊಟ್ಟೆ ತುಂಬಿದೆ ಎನ್ನುತ್ತಿದ್ದೆ. 'ಸೊಸಿ ಭಾಳ ಕಡಿಮಿ ಉಣ್ತಾಳ' ಎಂದು ಓಣಿಯಲ್ಲಿ ಒಳ್ಳೆಯ ಹೆಸರೂ ಬಂತು.

ಶೇಂಗ್ಯಾ ತಲೆಯೆತ್ತಿ ನನ್ನ ಗದ್ದ ನೆಕ್ಕಿದ. ನಾನು ಮುಖ ತಿರುಗಿಸಲಿಲ್ಲ. ಮನೆಗೆ ಬಂದು ತೊಳೆದುಕೊಂಡೆ, ಅದು ಬೇರೆ ಮಾತು.

ಕಸಬರಿಗೆ ಮೂಲೆ ಸೇರಿತು. ಕಳೆ ಕೀಳುವ ಖುರಪಿ ಹಿಡಿದು ನಾನೂ ಇವರೂ ಸರದಿಯ ಮೇಲೆ ಅವನ ಬೆನ್ನು ಹತ್ತಿದೆವು. ಔಷಧಿಯೂ ಆಯಿತು, ಮೂರು ಹೊತ್ತಿನ ಊಟವೂ ಆಯಿತು. ಆದರೆ 'ಪ್ರೀತಿಯ ತಿನಿಸು' ಯಾವುದು? ಬಿಸ್ಕಿಟು ಕೊಟ್ಟರೆ ತಿಂದು ಮತ್ತೆ ಹಿಂದಿನದಕ್ಕೇ ಓಡುತ್ತಿದ್ದ. ಹಾಲಿನ ಕೆನೆಗೂ ಅದೇ ಗತಿ. ಒಂದು ಬೆಳಿಗ್ಗೆ ಅಕ್ಕನೊಡನೆ ಫೋನಿನಲ್ಲಿ ಮಾತಿಗೆ ಸಿಕ್ಕಿ ಹಂಚಿನ ಮೇಲಿನ ರೊಟ್ಟಿ ಮರೆತೆ. ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ಹೊತ್ತಿದ ರೊಟ್ಟಿಯ ವಾಸನೆ! ನೋಡಿದರೆ ಶೇಂಗ್ಯಾ ಹಂಚಿನ ಮುಂದೆ ನೆಟ್ಟಗೆ, ಮಠದ ವಟುವಿನಂತೆ ಕುಳಿತಿದ್ದಾನೆ. ಒಂದು ಕರಿ ಚೂರು ಮುರಿದು ಕೊಟ್ಟೆ. ಕರುಂ ಕರುಂ ಎಂದು ಕಣ್ಣು ಮುಚ್ಚಿ ತಿಂದ. ಆಮೇಲೆ ಹಿತ್ತಲಲ್ಲಿ ಅವನು ಮುಗಿಸಿದ ಕೂಡಲೇ ಕರೆದೆ: "ಶೇಂಗ್ಯಾ, ರೊಟ್ಟೀ!" 'ಅದನ್ನು' ಅಲ್ಲೇ ಬಿಟ್ಟು ನಾಲ್ಕೂ ಕಾಲು ನೆಲಕ್ಕೆ ತಾಗದಂತೆ ಹಾರಿ ಬಂದ.

ಆ ಹೊತ್ತಿದ ರೊಟ್ಟಿಯನ್ನು ಮುರಿದು ಹಳೆಯ ಸ್ಟೀಲ್ ಡಬ್ಬಿಗೆ ತುಂಬಿದೆ. ಇಲ್ಲಿ ಇನ್ನೊಂದು ಆಶ್ಚರ್ಯ ನಡೆಯಿತು. ದಿನವೂ ಚೂರು ಕೊಡುತ್ತಿದ್ದೆ, ಡಬ್ಬಿ ಮಾತ್ರ ಬರಿದಾಗಲಿಲ್ಲ. ತುಂಬಿದ್ದು ತುಂಬಿದ ಹಾಗೇ. ಇವರು ಸುಟ್ಟಿರಲಾರರು, ಅವರಿಗೆ ಚಹಾ ಕಾಸಲೂ ಬರುವುದಿಲ್ಲ. ನಾನು ಯಾರಿಗೂ ಹೇಳಲಿಲ್ಲ. ಸಂಜೆ ದೀಪದ ಮುಂದೆ ಮಾತ್ರ, 'ಶಿವನೇ, ನಾಯಿಗೂ ಅಕ್ಷಯ ಪಾತ್ರೆ ಕೊಟ್ಟೆಯಲ್ಲೋ' ಎಂದು ಉದ್ದಕ್ಕೆ ಕೈಮುಗಿದೆ.

ಇಷ್ಟಾದರೂ ಧೈರ್ಯ ಇರಲಿಲ್ಲ. ಯಾವಾಗಲೂ ನಮ್ಮಲ್ಲೊಬ್ಬರು ಬೆನ್ನ ಹಿಂದೆ ಇರುತ್ತಿದ್ದೆವು. ಯಾರೂ ಇಲ್ಲದಾಗ, ಯಾರೂ ಕರೆಯದಾಗ ಅವನು ಏನು ಮಾಡುತ್ತಾನೋ ಶಿವನಿಗೇ ಗೊತ್ತು.

ಕಡೇ ಸೋಮವಾರ ಬಂದೇಬಿಟ್ಟಿತು. ಮೈದುನ ಬಂದ, ಕಾರಿನಲ್ಲಿ ಒಂದು ದೊಡ್ಡ ರಟ್ಟಿನ ಡಬ್ಬಿ ಹಾಕಿಕೊಂಡೇ ಬಂದ. "ವೈನಿ, ಅಲ್ಲಿ ಭಾಳ ಜಾಗಾ ಐತ್ರಿ, ಓಡ್ಯಾಡಕೋತ ಇರ್ತೈತಿ" ಎಂದು ಸಮಾಧಾನ ಹೇಳಿದ. ನನಗೆ ಆ ಡಬ್ಬಿಯನ್ನು ನೋಡಲಾಗಲಿಲ್ಲ. ಹೂರಣ ರುಬ್ಬುವ ನೆಪದಲ್ಲಿ ಒಳಗೇ ಉಳಿದೆ. ಶೇಂಗ್ಯಾನನ್ನು ಹಿತ್ತಲಲ್ಲಿ ಕಾಯುವ ಕೆಲಸ ಇವರದಾಗಿತ್ತು. ಆದರೆ ಅಯ್ಯನವರು ಬಂದರೆಂದು ಎಲ್ಲರೂ ಎದ್ದಾಗ ಇವರೂ ಖುರಪಿ ಕೆಳಗಿಟ್ಟು, ಬಾಗಿಲು ಮುಂದೆ ಮಾಡಿ, ಒಳಗೆ ಬಂದುಬಿಟ್ಟರು.

ಪಾದಪೂಜೆ ನಡೆದಿತ್ತು. ಅಯ್ಯನವರು ಮಣೆಯ ಮೇಲೆ ಕುಳಿತಿದ್ದರು. ಅತ್ತೆ ಎದುರಿಗೆ ಕುಳಿತು ವಿಭೂತಿ ಹಚ್ಚಿ, ಪತ್ರಿ ಏರಿಸುತ್ತಿದ್ದರು. ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರ್ರೆಂದಿತು. ಶೇಂಗ್ಯಾ ಬಾಣದಂತೆ ಬಂದ. ಎಲ್ಲರ ಕಾಲ ಸಂದಿಯಿಂದ ನುಗ್ಗಿ, ನನ್ನತ್ತ ತಿರುಗಿಯೂ ನೋಡದೆ, ನೇರ ಅತ್ತೆಯ ಪಕ್ಕ ಹೋಗಿ ನೆಟ್ಟಗೆ ಕುಳಿತ.

ಹಿತ್ತಲಿಂದ ಬಂದಿದ್ದಾನೆ. ಒಬ್ಬನೇ ಇದ್ದ. ಏನು ತಿಂದು ಬಂದಿದ್ದಾನೆ?

ನಾನು ತಂಬಿಗೆಯನ್ನು ಮೈದುನನ ಕೈಗೆ ತುರುಕಿ ಹಿತ್ತಲಿಗೆ ಓಡಿದೆ. ನುಗ್ಗೆ ಗಿಡದ ಬುಡ ನೋಡಿದೆ, ಇಲ್ಲ. ಬಚ್ಚಲ ಗೋಡೆಯ ಹಿಂದೆ ನೋಡಿದೆ, ಇಲ್ಲ. ಕಡೆಗೆ ಕುಳ್ಳಿನ ರಾಶಿಯ ಹಿಂದೆ ಇಣುಕಿದೆ. ಇತ್ತು! ಬಿಸಿ ಬಿಸಿಯಾಗಿ, ಮುಟ್ಟದೆ, ಮೂಸದೆ, ಇಟ್ಟದ್ದು ಇಟ್ಟ ಹಾಗೇ ಇತ್ತು!

ಮನುಷ್ಯಳಾದವಳು ಅಂಥದ್ದನ್ನು ಕಂಡು ಅಷ್ಟು ಸಂತೋಷಪಟ್ಟದ್ದು ಇಂಡಿ ತಾಲೂಕಿನಲ್ಲಿ ಅದೇ ಮೊದಲಿರಬೇಕು. ನನಗೆ ಪಾದಪೂಜೆಯೂ ನೆನಪಿಲ್ಲ, ಅಯ್ಯನವರೂ ನೆನಪಿಲ್ಲ.

"ಐತ್ರೀ!" ಎಂದು ಅಲ್ಲಿಂದಲೇ ಕೂಗಿದೆ. "ಅತ್ತೀ, ಐತ್ರೀ! ಹಂಗಾ ಐತಿ! ಎಲ್ಲಾ ಐತಿ!"

ಮಾಳಿಗೆಯ ಮೇಲಿಂದ ಶಾಂತಕ್ಕ "ಹೌದ್ರಿ, ನಾನೂ ನೋಡೇನಿ!" ಎಂದು ಸಾಕ್ಷಿ ಹೇಳಿದಳು.

ಒಳಗೆ ಬಂದರೆ ಮಂತ್ರ ನಿಂತಿತ್ತು. ಅಯ್ಯನವರು ಶಾಂತವಾಗಿ ಕೇಳಿದರು: "ಏನ್ ಐತ್ಯವ್ವಾ ಮಗಳ?"

ನಾನು ನೆಲ ನೋಡಿದೆ. ಇವರು ಮೋರೆಗೆ ಟವೆಲ್ ಒತ್ತಿಕೊಂಡು ಗೋಡೆ ಕಡೆ ತಿರುಗಿದರು, ಬೆನ್ನು ಮಾತ್ರ ಕುಲುಕುತ್ತಿತ್ತು. ಅತ್ತೆ ತಲೆಯೆತ್ತದೆ, ಒಂದು ಪತ್ರಿ ಏರಿಸುತ್ತ ಹೇಳಿದರು:

"ನಮ್ಮನಿ ಮರ್ಯಾದಿ ಐತ್ರಿ, ಅಯ್ಯನೋರ. ಹೋಗೈತೋ ಏನೋ ಅಂತ ನೋಡಾಕ ಹೋಗಿದ್ಲು."

"ಶಿವನ ದಯಾ" ಎಂದರು ಅಯ್ಯನವರು.

ಆಮೇಲೆ ನಡೆದದ್ದನ್ನು ನಾನೊಬ್ಬಳೇ ನೋಡಿದೆ ಎಂದುಕೊಂಡಿದ್ದೇನೆ. ಶೇಂಗ್ಯಾ ಇನ್ನೂ ಅತ್ತೆಯ ಕೈಯನ್ನೇ ನೋಡುತ್ತ ಕುಳಿತಿದ್ದ. ಅತ್ತೆ ಎಡಗೈಯಿಂದ ಸೊಂಟದ ಸೆರಗಿನ ಗಂಟು ಬಿಚ್ಚಿದರು. ಅವರು ವಿಭೂತಿ ಕಟ್ಟಿಕೊಳ್ಳುವ ಗಂಟು ಅದು. ಅದರೊಳಗಿಂದ ಒಂದು ಕಪ್ಪು ಚೂರು ತೆಗೆದು, ಯಾರಿಗೂ ಕಾಣದಂತೆ ಪಕ್ಕಕ್ಕೆ ಚಾಚಿದರು. ಕರುಂ ಎಂದಿತು.

ಸಂಜೆ ಮೈದುನ ಹೊರಟಾಗ ರಟ್ಟಿನ ಡಬ್ಬಿಗೆ ಅತ್ತೆಯೇ ಲಿಂಬೆಹಣ್ಣು ತುಂಬಿಸಿ ಕಳಿಸಿದರು. ನಾಯಿಯ ಮಾತನ್ನು ಯಾರೂ ಎತ್ತಲಿಲ್ಲ.

ಮರುದಿನ ನಾನು ಎಂದಿಗಿಂತ ಮೊದಲೇ ಎದ್ದೆ. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಮೊಣಕಾಲು ನೋವೆಂದು ರೊಟ್ಟಿ ಬಡಿಯುವುದನ್ನು ಯಾವಾಗಲೋ ಬಿಟ್ಟಿದ್ದ ಅತ್ತೆ ಒಲೆಯ ಮುಂದೆ ಕುಳಿತಿದ್ದರು. ಹಂಚಿನ ಮೇಲೆ ಒಂದೇ ಒಂದು ರೊಟ್ಟಿ, ಹುಣ್ಣಿಮೆ ಚಂದ್ರನ ಹಾಗೆ. ಅವರು ಅದನ್ನು ತಿರುವಲಿಲ್ಲ. ಕೈಕಟ್ಟಿ ಕುಳಿತು ಹೊಗೆ ಏಳುವವರೆಗೂ ಕಾದರು. ನಾನು ಕಂಡಂತೆ ಒಂದು ರೊಟ್ಟಿಯನ್ನೂ ಹೊತ್ತಿಸದ ಕೈ ಅದು. ಪಕ್ಕದಲ್ಲಿ ಶೇಂಗ್ಯಾ, ಅವನ ಪಕ್ಕದಲ್ಲಿ ಮುಚ್ಚಳ ತೆರೆದ ನನ್ನ ಅಕ್ಷಯ ಪಾತ್ರೆ.

ನಾನು ಬಾಗಿಲಲ್ಲಿ ನಿಂತದ್ದು ಅವರಿಗೆ ಹೇಗೆ ತಿಳಿಯಿತೋ. ತಿರುಗದೆಯೇ ಕರಿ ರೊಟ್ಟಿಯನ್ನು ನಡುವೆ ಮುರಿದರು. ಒಂದು ಅರ್ಧ ಡಬ್ಬಿಗೆ ಹಾಕಿ, ಇನ್ನೊಂದು ಅರ್ಧಕ್ಕೆ ಬೆಣ್ಣೆ ಸವರಿ ನನ್ನ ಕಡೆ ಚಾಚಿದರು.

"ತಗೋ ನೀಲವ್ವ. ಕುಳ್ಳಿನ ಹಿಂದ ಹೋಗಬ್ಯಾಡ. ಇಲ್ಲೇ ಕುಂತು ತಿನ್ನು."